ದೊಡ್ಡವಳಾಗುವ ವಯಸ್ಸು: ಶಿರಾ ಸೀಮೆಯ ಒಸಗೆ, ಹಟ್ಟಿ ಮತ್ತು ಕಾನೂನು

ಶಿರಾ ಸೀಮೆಯ ಹಳ್ಳಿಗಳಲ್ಲಿ ಹೆಣ್ಣುಮಗುವಿನ ಬಾಲ್ಯ ಎಂದು ಮುಗಿಯಿತೆಂಬುದನ್ನು ವರ್ಷಗಳ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ಮೈನೆರೆದ ದಿನವೇ ಅದರ ಗಡಿ. ನಿನ್ನೆಯವರೆಗೆ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದವಳು ಇಂದು ಮನೆಯ ಒಂದು ಮೂಲೆಯಲ್ಲಿ ಬೇರೆಯಾಗಿ ಕೂರಬೇಕಾಗುತ್ತಿತ್ತು. ಸೋದರಮಾವ ಹಸಿ ಸೊಪ್ಪು ಕಡಿದು ತಂದು ಗುಡ್ಲು ಹಾಕುತ್ತಿದ್ದ. ಕೊಬ್ಬರಿ, ಬೆಲ್ಲ, ತುಪ್ಪ, ಎಳ್ಳಿನ ಚಿಗಳಿ ತಿನ್ನಿಸಿ ಮೈ ಗಟ್ಟಿಮಾಡುತ್ತಿದ್ದರು. ಸಂಜೆ ಕೇರಿಯ ಹೆಂಗಸರು ಕೂಡಿ, ಹಸೆಯ ಮೇಲೆ ಕೂರಿಸಿ, ಆರತಿ ಎತ್ತಿ ಸೋಬಾನೆ ಹಾಡುತ್ತಿದ್ದರು. ಕೊನೆಯ ದಿನ ನೀರು ಹಾಕಿ, ಗುಡ್ಲು ಸುಟ್ಟು, ಅವಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಇದೇ ಒಸಗೆ.

ಇಷ್ಟು ಅಕ್ಕರೆಯ ಆಚರಣೆ ಒಂದು ಹುಡುಗಿಯ ಬಾಳಿನಲ್ಲಿ ಮತ್ತೆ ಮದುವೆಯವರೆಗೆ ಬರುತ್ತಿರಲಿಲ್ಲ. ಆದರೆ ಅದೇ ಆಚರಣೆ ಅವಳ ಓಡಾಟಕ್ಕೂ ಜೋರಾದ ನಗುವಿಗೂ ಕಡಿವಾಣ ಹಾಕುತ್ತಿತ್ತು. ದೊಡ್ಡವಳಾಗುವುದೆಂದರೆ ಗೌರವ, ಜೊತೆಗೆ ಆಟದ ಕೊನೆ. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಇನ್ನೂ ಬುಗುರಿ ಆಡುತ್ತಲೇ ಇರುತ್ತಿದ್ದ.

ಶಿರಾ, ಮಧುಗಿರಿ, ಪಾವಗಡ ಭಾಗದ ಕಾಡುಗೊಲ್ಲರಲ್ಲಿ ಈ ಗಡಿ ಇನ್ನೂ ಕಟ್ಟುನಿಟ್ಟಾಗಿತ್ತು. ಕುರಿ, ದನ ಸಾಕಿ ಬದುಕಿದ ಈ ಸಮುದಾಯದ ಹಟ್ಟಿಗಳಿಗೆ ಸುತ್ತಲೂ ಮುಳ್ಳಿನ ಬೇಲಿ ಇರುತ್ತಿತ್ತು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಪೂಜೆಗೊಳ್ಳುವ ಜುಂಜಪ್ಪ ಅವರ ಸಾಂಸ್ಕೃತಿಕ ವೀರ, ದೈವ. ದೇವರಿರುವ ಹಟ್ಟಿಗೆ ಸೂತಕ ತಾಗಬಾರದೆಂಬ ನಂಬಿಕೆಯಿಂದ ಮುಟ್ಟಾದವರು, ಬಾಣಂತಿಯರು ಬೇಲಿಯಾಚೆ ಉಳಿಯಬೇಕಿತ್ತು. ಬಾಣಂತಿ ಕೂಸಿನೊಡನೆ 7ರಿಂದ 30 ದಿನ ಊರ ಹೊರಗಿನ ಗುಡಿಸಲಿನಲ್ಲಿರುತ್ತಿದ್ದಳೆಂದು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ದಾಖಲಾಗಿದೆ.

ಆ ದಾಖಲೆಯ ಇನ್ನೊಂದು ಮಾತಿಗೂ ಅಷ್ಟೇ ತೂಕವಿದೆ: ಈ ಸಮುದಾಯದಲ್ಲಿ ಮೈನೆರೆದ ಹೆಣ್ಣಿನ ಮದುವೆಗೆ ಅಡ್ಡಿಯಿರಲಿಲ್ಲ. ಅದೇ ಕಾಲದ ಮೇಲ್ಜಾತಿಗಳಲ್ಲಿ ಮದುವೆಗೆ ಮುಂಚೆ ಹುಡುಗಿ ಮೈನೆರೆದರೆ ಮನೆತನಕ್ಕೇ ಕಳಂಕ. ಆ ಭಯಕ್ಕೆ ಐದಾರು ವರ್ಷದ ಮಕ್ಕಳ ಕೊರಳಿಗೂ ತಾಳಿ ಬೀಳುತ್ತಿತ್ತು. ಬೇಲಿಯಾಚೆ ಕಳಿಸಿದ ಹಟ್ಟಿಯೇ ಹುಡುಗಿಯ ಬಾಲ್ಯಕ್ಕೆ ಅಗ್ರಹಾರಕ್ಕಿಂತ ಕೆಲವು ವರ್ಷ ಹೆಚ್ಚು ಕೊಡಬಲ್ಲದಾಗಿತ್ತು. ಯಾವುದು ಮುಂದುವರಿದ ಸಮಾಜ, ಯಾವುದು ಹಿಂದುಳಿದದ್ದು ಎಂದು ಬೇಗ ತೀರ್ಪು ಕೊಡುವವರು ಇದನ್ನು ಗಮನಿಸಬೇಕು.

ಮೈಸೂರು ಸಂಸ್ಥಾನ ಈ ವಿಷಯಕ್ಕೆ ಕೈಹಾಕಿದ್ದು 1894ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಶಿಶುವಿವಾಹ ತಡೆ ಕಾಯಿದೆ 8 ವರ್ಷ ತುಂಬದ ಹುಡುಗಿಯ ಮದುವೆಯನ್ನು ನಿಷೇಧಿಸಿತು. 50 ದಾಟಿದ ಗಂಡಸು 14 ತುಂಬದವಳನ್ನು ಮದುವೆಯಾಗುವುದನ್ನೂ ತಡೆಯಿತು. ಧರ್ಮದಲ್ಲಿ ಸರ್ಕಾರ ಕೈಯಾಡಿಸಬಾರದೆಂದು ಸಂಪ್ರದಾಯಸ್ಥರು ವಿರೋಧಿಸಿದರು. ಎಂಟು ವರ್ಷವೆಂಬ ಮಿತಿ ಇಂದಿನ ಕಣ್ಣಿಗೆ ತೀರ ಕಡಿಮೆ. ಆದರೂ ಬ್ರಿಟಿಷ್ ಭಾರತದಲ್ಲಿ ಮದುವೆಯ ವಯಸ್ಸನ್ನೇ ಗೊತ್ತುಪಡಿಸಿದ ಶಾರದಾ ಕಾಯಿದೆ ಬರಲು 1929ರವರೆಗೆ ಕಾಯಬೇಕಾಯಿತು. ಅದು ಹುಡುಗಿಗೆ 14, ಹುಡುಗನಿಗೆ 18 ಎಂದಿತು.

ಕಾಯಿದೆಗಿಂತ ಆಳವಾಗಿ ಕೆಲಸ ಮಾಡಿದ್ದು ಶಾಲೆ. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿ ಬಾಲಕಿಯರ ಶಾಲೆ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಮಳೆ ಕಡಿಮೆಯಾದ ಶಿರಾ, ಪಾವಗಡದ ಬಯಲಿನಲ್ಲಿ ಕುರಿ ಹಿಂದೆ ಹೋಗುವ ಹುಡುಗನೂ ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯೂ ಶಾಲೆಗೆ ಸಿಕ್ಕಲು ಮತ್ತೆ ಎಷ್ಟೋ ವರ್ಷ ಬೇಕಾದವು. ಬರಗಾಲದಲ್ಲಿ ಮಕ್ಕಳು ಬೇಗ ದೊಡ್ಡವರಾಗುತ್ತಾರೆ. ಅದು ಹಣ್ಣಾಗಿ ಮಾಗಿದ್ದಲ್ಲ, ಹೊಟ್ಟೆಪಾಡು ಹೇರಿದ ಹಿರಿತನ.

ಹಾಗೆಂದು ಬೆಳೆದವರ ಬದುಕಿನಿಂದ ಆಟ ಪೂರ್ತಿ ಮರೆಯಾಗಲಿಲ್ಲ. ಹುಣಸೆಬೀಜ ಹಾಕಿ ಅಳಿಗುಳಿಮಣೆ ಆಡುವುದರಲ್ಲಿ ಅಜ್ಜಿಗೂ ಮೊಮ್ಮಗಳಿಗೂ ವಯಸ್ಸಿನ ಭೇದವಿರಲಿಲ್ಲ. ಜಗಲಿಯ ಮೇಲೆ ಚೌಕಾಬಾರ ಹಾಕಿಕೊಂಡು ಕವಡೆಗಾಗಿ ಜಗಳವಾಡುತ್ತಿದ್ದವರು ಹೆತ್ತು ಹೊತ್ತ ಹೆಂಗಸರೇ. ಕೋಲಾಟಕ್ಕೆ ಇಳಿದ ಗೌಡ, ಜುಂಜಪ್ಪನ ಕಥೆ ಹಾಡುತ್ತ ಬಿದಿರಿನ ಉದ್ದ ಗಣೆ ನುಡಿಸುವ ಕುರಿಗಾಹಿ ಇಬ್ಬರಿಗೂ ಅದು ಹುಡುಗಾಟವೆನಿಸುತ್ತಿರಲಿಲ್ಲ. ಮಗುವಿನ ಮನಸ್ಸಿಗೆ ಹಬ್ಬದಲ್ಲಿ, ಹಾಡಿನಲ್ಲಿ, ಬಿಡುವಿನ ಮಧ್ಯಾಹ್ನದಲ್ಲಿ ಹಳ್ಳಿ ಜಾಗ ಇಟ್ಟಿತ್ತು. ಕಸಿದುಕೊಂಡದ್ದು ಮಗುವಾಗಿರುವ ವರ್ಷಗಳನ್ನು. ಹಿರಿಯರ ಹುಡುಗುತನ ಎಷ್ಟೇ ಚೆಂದವಿದ್ದರೂ ಆ ನಷ್ಟವನ್ನು ಅದು ತುಂಬಿಕೊಡಲಾರದು.

ಸ್ವಾತಂತ್ರ್ಯದ ನಂತರ ಮಿತಿ ಏರುತ್ತ ಬಂತು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಹುಡುಗಿಗೆ 15 ಇದ್ದದ್ದು 1978ರಲ್ಲಿ 18 ಆಯಿತು. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯಿದೆ ಬಂತು. ಆದರೆ ಆ ಕಾಯಿದೆಯಡಿ ನಡೆದುಹೋದ ಬಾಲ್ಯವಿವಾಹ ಸಾಮಾನ್ಯವಾಗಿ ತಾನಾಗಿ ಅಸಿಂಧುವಾಗುತ್ತಿರಲಿಲ್ಲ. ರದ್ದು ಬೇಕೆಂದರೆ ಮದುವೆಯಾದ ಮಗುವೇ ಕೋರ್ಟಿಗೆ ಹೋಗಬೇಕಿತ್ತು. ಬಾಲ್ಯವಿವಾಹ ತಡೆಯ ಬಗ್ಗೆ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ ಕೊಟ್ಟ ವರದಿಯ ನಂತರ ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಅಂಥ ಮದುವೆ ಮೊದಲಿಂದಲೇ ಅಸಿಂಧು ಎಂದು ಸಾರಿತು. 2017ರಲ್ಲಿ ಸುಪ್ರೀಂ ಕೋರ್ಟ್ ಈ ಹೆಜ್ಜೆಯನ್ನು ಮೆಚ್ಚಿಕೊಂಡಿತು. 2006ರಲ್ಲೇ ಶುರುವಾದ ಭಾಗ್ಯಲಕ್ಷ್ಮಿ ಯೋಜನೆ ಬಡಮನೆಯ ಹೆಣ್ಣುಮಗುವಿನ ಹೆಸರಿನಲ್ಲಿ ಹಣ ಇಟ್ಟು, 18ರವರೆಗೆ ಮದುವೆ ಮಾಡಬಾರದೆಂಬ ಷರತ್ತನ್ನೂ ಜೊತೆಗಿಟ್ಟಿತು.

ಹಟ್ಟಿಯ ಬೇಲಿ ಮಾತ್ರ ಅಷ್ಟು ಸುಲಭವಾಗಿ ತೆರೆಯಲಿಲ್ಲ. ಮುಟ್ಟಾದ ಹುಡುಗಿ ಹೊರಗೆ ಉಳಿಯುವ ದಿನಗಳಲ್ಲಿ ಅವಳ ಪಾಠವೂ ತಪ್ಪುತ್ತಿತ್ತು. ಹೀಗೆ ಹೊರಗುಳಿಯುವ ಹೆಂಗಸರು ತಂಗಲೆಂದು ಸರ್ಕಾರ ಗೊಲ್ಲರಹಟ್ಟಿಗಳ ಬಳಿ ಕೃಷ್ಣ ಕುಟೀರಗಳನ್ನು ಕಟ್ಟಿಸಿತು. ಅವು ಮಳೆ ಚಳಿಯಿಂದ ಕಾಪಾಡಿದವು. ಬೇರೆ ಇಡುವ ಪದ್ಧತಿಯನ್ನು ಪ್ರಶ್ನಿಸಲಿಲ್ಲ. ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಬಲವಂತವಾಗಿ ಊರ ಹೊರಗಿಡುವುದು ಅಪರಾಧವೆಂದು ಹೇಳಿದ್ದು ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ 2017ರ ಕಾಯಿದೆ. ಅದು ಜಾರಿಗೆ ಬಂದದ್ದು 2020ರಲ್ಲಿ. ಅದಾದ ಮೇಲೂ, 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ನ್ಯಾಯಾಧೀಶರೂ ಅಧಿಕಾರಿಗಳೂ ಹಟ್ಟಿಗೆ ಬಂದು ಜನರೊಡನೆ ಮಾತನಾಡಿದರು.

ಒಸಗೆಯೂ ಬದಲಾಗಿದೆ. ಅನುಕೂಲಸ್ಥರು ಅದನ್ನು ಕಲ್ಯಾಣ ಮಂಟಪದಲ್ಲಿ ಫ್ಲೆಕ್ಸ್ ಕಟ್ಟಿಸಿ, ಭಾನುವಾರ ನೋಡಿ ಮಾಡುತ್ತಾರೆ. ಸೊಪ್ಪಿನ ಗುಡ್ಲು ಎಷ್ಟೋ ಕಡೆ ಶಾಸ್ತ್ರಕ್ಕೆ ಒಂದು ಗಳಿಗೆ ಹಾಕಿ ತೆಗೆಯುವಂಥದ್ದಾಗಿದೆ. ಆರತಿ ಎತ್ತಿಸಿಕೊಂಡ ಹುಡುಗಿ ಮರುವಾರ ಅದೇ ಯೂನಿಫಾರ್ಮಿನಲ್ಲಿ ಶಾಲೆಗೆ ಹೋಗುತ್ತಾಳೆ.