ಬಂಗಲೆಗೆ ಕಥೆಯಿದೆ, ಸಾಹುಕಾರರ ಮನೆಗಿಲ್ಲ

ತೊಣ್ಣೂರಿನ ಕೆರೆ, ದರ್ಗಾ ನೋಡಿಕೊಂಡು ಪಾಂಡವಪುರದ ಮೇಲಿಂದ ಶ್ರೀರಂಗಪಟ್ಟಣಕ್ಕೆ ಬಂದಾಗಲೆಲ್ಲ ನಾವು ಗಂಜಾಮಿನಲ್ಲಿ ಹಳೆಯ ಸಾಹುಕಾರರ ಮನೆಯೊಂದನ್ನು ಹುಡುಕುತ್ತೇವೆ. ವಿಕ್ಟೋರಿಯಾ ರಾಣಿಯ ಕಾಲದ್ದಾದರೂ ಸರಿ, ಒಳಗೆ ಗದ್ದಿಗೆ ಹಾಸಿ ಲೆಕ್ಕ ಬರೆಯುತ್ತಿದ್ದ ಪಡಸಾಲೆ ಇರಬೇಕು. ಇಂದಿಗೂ ನಮಗೆ ಅಂಥದ್ದು ಸಿಕ್ಕಿಲ್ಲ. ಹಳೆಯ ಮನೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಸ್ಕಾಟ್ ಬಂಗಲೆ.

ಕಾವೇರಿಯ ದಡದ ಈ ಬಂಗಲೆಯ ಕಥೆ ಬಹುತೇಕರಿಗೆ ಗೊತ್ತು. ಟಿಪ್ಪುವಿನ ಪತನದ ನಂತರ ಪಟ್ಟಣದ ಫಿರಂಗಿ ಗಾಡಿಗಳ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದ ಕರ್ನಲ್ ಸ್ಕಾಟ್ ಪ್ರವಾಸದಿಂದ ಮರಳಿದಾಗ ಹೆಂಡತಿ, ಮಕ್ಕಳು ಕಾಲರಾಕ್ಕೆ ಬಲಿಯಾಗಿದ್ದರಂತೆ. ಆತ ಹಾಗೆಯೇ ಹೊರಬಿದ್ದು ನದಿಯ ಪಾಲಾದನಂತೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮನೆಯನ್ನು ಸಾಮಾನು ಸಮೇತ ಇದ್ದಂತೆಯೇ ಇರಿಸಲು ಅಪ್ಪಣೆ ಮಾಡಿದರಂತೆ. 1870ರ ದಶಕದಲ್ಲಿ 'ಅಲಿಫ್ ಚೀಮ್' ಎಂಬ ಕಾವ್ಯನಾಮದ ಇಂಗ್ಲಿಷ್ ಅಧಿಕಾರಿಯೊಬ್ಬ ಇದರ ಮೇಲೆ ಪದ್ಯವನ್ನೂ ಕಟ್ಟಿದ. ನಮ್ಮಂಥ ಕಥೆಗಾರರಿಗೆ ಇದಕ್ಕಿಂತ ಹೆಚ್ಚೇನು ಬೇಕು! ಆದರೆ ನಿಜ ಇಷ್ಟು ಸೊಗಸಲ್ಲ. ಪತ್ನಿ ಕ್ಯಾರೊಲಿನ್ 1817ರಲ್ಲಿ ತೀರಿಕೊಂಡದ್ದು ಹೌದು, ಸಮಾಧಿ ಪಟ್ಟಣದಲ್ಲೇ ಇದೆ. ಸ್ಕಾಟ್ ಮಾತ್ರ ನದಿಗೆ ಹಾರಲಿಲ್ಲ, ಇಂಗ್ಲೆಂಡಿಗೆ ಹಿಂದಿರುಗಿದ.

ಗಂಜಾಮಿನ ಕಥೆ ಹೀಗೆ ಒಬ್ಬನದಲ್ಲ. 'ಗಂಜ್' ಎಂದರೆ ಉರ್ದುವಿನಲ್ಲಿ ಪೇಟೆ. ಈ ಪೇಟೆಗೆ ಜನ ತುಂಬಲು ಟಿಪ್ಪು ಸಿರಾದಿಂದ 12 ಸಾವಿರ ಕುಟುಂಬಗಳನ್ನು ತಂದನೆಂದು ಗ್ಯಾಸೆಟಿಯರ್ ಹೇಳುತ್ತದೆ. ಅವರು ತಾವಾಗಿಯೇ ಬಂದವರಲ್ಲ, ಸುಲ್ತಾನನ ಅಪ್ಪಣೆಗೆ ಊರು ಬಿಟ್ಟವರು. ಟಿಪ್ಪುವನ್ನು ಪ್ರೀತಿಸುವ ನಾವು ಈ ಮಾತನ್ನು ನುಂಗಿಕೊಳ್ಳಬಾರದು.

1799ರ ಮೇ 4ರ ರಾತ್ರಿ ಕೋಟೆಯೊಳಗೆ ಲೂಟಿಯಾಗದ ಮನೆ ಇಲ್ಲವೆಂಬಷ್ಟು ಲೂಟಿ ನಡೆಯಿತು. ಹಾಗೆಂದು ಬರೆದವನು ಆರ್ಥರ್ ವೆಲ್ಲೆಸ್ಲಿಯೇ. ಆಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಜ್ವರದ ಕಾಟಕ್ಕೆ 1809ರಲ್ಲಿ ಇಂಗ್ಲಿಷರ ದಂಡು ಬೆಂಗಳೂರಿಗೆ ಹೊರಟಿತು. ಆಸ್ಥಾನವೂ ಇಲ್ಲ, ದಂಡೂ ಇಲ್ಲ ಎಂದ ಮೇಲೆ ಅಂಗಡಿಯಲ್ಲಿ ಕೂತು ಯಾರ ದಾರಿ ಕಾಯುವುದು? 1800ರಲ್ಲಿ ಬುಕನನ್ ಇಲ್ಲಿಗೆ ಬಂದಾಗ ಇಡೀ ದ್ವೀಪದಲ್ಲಿ ಸುಮಾರು 32 ಸಾವಿರ ಜನರಿದ್ದರೆಂದು ಅಂದಾಜು ಮಾಡಿದ್ದ. 1901ರ ಜನಗಣತಿಯಲ್ಲಿ ಪಟ್ಟಣದ ಲೆಕ್ಕ 8,584. ಬೇರೆ ಊರುಗಳ ವರ್ತಕರು ಮಹಡಿ ಮನೆ ಕಟ್ಟಿಸಿಕೊಂಡ ಕಾಲದಲ್ಲಿ ಇಲ್ಲಿನ ಮನೆಗಳು ಖಾಲಿಯಾಗುತ್ತಿದ್ದವು. ಖಾಲಿ ಮಣ್ಣಿನ ಮನೆ ಎಷ್ಟು ಮಳೆಗಾಲ ತಡೆದೀತು? ಗಂಜಾಮಿನ ಹೆಸರು ಹೇಳಲು ಅಂಜೂರ ಉಳಿಯಿತು.

ಸಾಹುಕಾರರ ಮನೆ ಹಾಗಿರಲಿ, ಸುಲ್ತಾನನ ಅರಮನೆಯೇ ಉಳಿಯಲಿಲ್ಲ. ಅದರ ತೊಲೆಗಳನ್ನು ಬಿಚ್ಚಿ ಘಟ್ಟ ಹತ್ತಿಸಿ ಊಟಿಗೆ ಸಾಗಿಸಿದರು. ಅಲ್ಲಿ 1829ರಲ್ಲಿ ಅಡಿಗಲ್ಲು ಹಾಕಿದ ಸೇಂಟ್ ಸ್ಟೀಫನ್ಸ್ ಚರ್ಚಿನ ಛಾವಣಿಯನ್ನು ಆ ಮರವೇ ಹೊತ್ತಿದೆ. ಊಟಿಗೆ ಹೋದವರು ಚರ್ಚಿನೊಳಗೆ ಹೋಗಿ ತಲೆಯೆತ್ತಿ ನೋಡಬಹುದು.