ಗಂಡನ ಜೇಬಿನಲ್ಲಿ ಬಂದ ಮಾತ್ರೆ

ಹಿಂದಿನ ಹಕೀಮರು ಪರದೆಯ ಆಚೆ ಕುಳಿತ ಹೆಣ್ಣುಮಗಳ ಕೈಯನ್ನಾದರೂ ಹಿಡಿದು ನಬ್ಜ್ ನೋಡುತ್ತಿದ್ದರು. ಈಗ ರಾಜಾಜಿನಗರದ್ದೋ ವಿಜಯನಗರದ್ದೋ ಒಂದು ಗಲ್ಲಿಯಲ್ಲಿ ಗಂಡನಾದವನು ತನ್ನ ಗುಪ್ತರೋಗಕ್ಕೆ ಔಷಧಿ ಬರೆಸಿಕೊಳ್ಳುತ್ತಾನೆ, ಹೆಂಡತಿಯ ಪಾಲಿನ ಮಾತ್ರೆಯನ್ನೂ ಜೇಬಿಗಿಳಿಸುತ್ತಾನೆ. ‘ಶಕ್ತಿಗೆ ಕೊಟ್ಟಿದ್ದಾರೆ, ನುಂಗು’ ಎಂದರೆ ಮುಗಿಯಿತು. ಡಾಕ್ಟರು ಅವಳ ಮುಖವನ್ನೂ ನೋಡಿರುವುದಿಲ್ಲ.

ಇದೇ ಊರಿನ ಪೂರ್ವಕ್ಕೆ, 1809ರಲ್ಲಿ ನೆಲೆಯಾದ ದಂಡಿನಲ್ಲಿ, ಒಂದು ಕಾಲಕ್ಕೆ ಇದರ ತದ್ವಿರುದ್ಧ ನಡೆಯುತ್ತಿತ್ತು. ಬ್ರಿಟಿಷ್ ಸಿಪಾಯಿಗಳಿಗೆ ರೋಗ ತಗಲದಿರಲೆಂದು ಅಲ್ಲಿ ‘ಲಾಕ್ ಆಸ್ಪತ್ರೆ’ ಇತ್ತು. ವೇಶ್ಯೆಯರೆಂದು ಪಟ್ಟಿಗೆ ಸೇರಿಸಿದ ಹೆಂಗಸರನ್ನು ಕಡ್ಡಾಯವಾಗಿ ಪರೀಕ್ಷಿಸಿ, ರೋಗ ಕಂಡರೆ ಒಳಗೆ ಕೂಡಿಹಾಕುತ್ತಿದ್ದರು. ಬ್ರಿಟಿಷ್ ಇಂಡಿಯಾದಲ್ಲಿ 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಈ ಪದ್ಧತಿಗೆ ಇನ್ನಷ್ಟು ಬಲ ಕೊಟ್ಟಿತು. ಕಾಯ್ದೆಯ ಪರೀಕ್ಷೆ ಹೆಂಗಸಿಗೆ ಮಾತ್ರ, ಸಿಪಾಯಿಗಲ್ಲ! ಜೋಸೆಫೀನ್ ಬಟ್ಲರ್ ಮತ್ತು ಸಂಗಡಿಗರ ಹೋರಾಟದಿಂದ ಇಂಗ್ಲೆಂಡಿನ ಕಾಯ್ದೆ 1886ರಲ್ಲಿ ಹೋಯಿತು, ಇಲ್ಲಿನದು 1888ರಲ್ಲಿ. ಅಂದು ಬಲವಂತದ ಪರೀಕ್ಷೆ, ಇಂದು ಪರೀಕ್ಷೆಯೇ ಇಲ್ಲ. ಅವಳನ್ನು ಒಂದು ಮಾತು ಕೇಳಿದವರು ಆಗಲೂ ಇರಲಿಲ್ಲ.

ಹಾಗೆಂದು ಸಂಗಾತಿಗೆ ಔಷಧಿಯೇ ಬೇಡವೆಂದು ನಾವು ಹೇಳುತ್ತಿಲ್ಲ. ಒಬ್ಬರಿಗಷ್ಟೇ ಗುಣವಾದರೆ ರೋಗ ಮತ್ತೆ ಮರಳುತ್ತದೆ. ಬರಲೊಪ್ಪದ ಸಂಗಾತಿಗೆ ರೋಗಿಯ ಕೈಯಲ್ಲೇ ಔಷಧಿ ಕಳಿಸಬಹುದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2006ರಲ್ಲಿ ಒಪ್ಪಿದ್ದು ಈ ಕಾರಣಕ್ಕೇ. ಆದರೆ ಅದು ಮುಖ್ಯವಾಗಿ ಗೊನೋರಿಯಾ, ಕ್ಲಮೈಡಿಯಾಗಳಿಗೆ. ಜೊತೆಗೆ ಎಚ್ಚರಿಕೆಯ ಬರಹವೂ ಇರಬೇಕು.

ನಮ್ಮ ಸರ್ಕಾರಿ ಚಿಕಿತ್ಸಾಲಯಗಳಿಗೆ ನ್ಯಾಕೊ ಸಂಸ್ಥೆ ರೂಪಿಸಿದ ಬಣ್ಣಬಣ್ಣದ ಔಷಧಿ ಪೊಟ್ಟಣಗಳನ್ನು ನೋಡಿ. ಹುಣ್ಣಿನ ರೋಗಕ್ಕೆ ಬಿಳಿ ಪೊಟ್ಟಣ, ಅದರಲ್ಲಿ ಪೆನಿಸಿಲಿನ್ ಇಂಜೆಕ್ಷನ್. ಪೆನಿಸಿಲಿನ್ ಒಗ್ಗದವರಿಗೆ ನೀಲಿ, ಅದರಲ್ಲಿ ಡಾಕ್ಸಿಸೈಕ್ಲಿನ್. ಅದನ್ನು ಬಸುರಿಗೆ ಕೊಡುವಂತಿಲ್ಲ. ಅಲರ್ಜಿ ಇದೆಯೇ, ಮುಟ್ಟು ನಿಂತಿದೆಯೇ ಎಂದು ಕೇಳದೆ ಬಣ್ಣ ಆರಿಸುವುದು ಹೇಗೆ? ಇವಕ್ಕೆ ಉತ್ತರ ಎಷ್ಟು ಗಂಡಂದಿರ ಬಳಿ ಇದೆ? ಬಸುರಿಗೆ ಸಿಫಿಲಿಸ್ ಇದ್ದು ರಕ್ತಪರೀಕ್ಷೆಯಾಗದಿದ್ದರೆ ಹೊಟ್ಟೆಯಲ್ಲಿರುವ ಕೂಸಿಗೂ ಅಪಾಯ. ಸೋಂಕು ಗರ್ಭನಾಳಕ್ಕೇರಿದ್ದರೆ ಒಂದೆರಡು ಮಾತ್ರೆಗೆ ಅದು ಇಳಿಯದು, ಬಂಜೆತನಕ್ಕೂ ದಾರಿಯಾಗಬಹುದು. ಆಮೇಲೆ ಮಕ್ಕಳಾಗಲಿಲ್ಲವೆಂಬ ಮಾತೂ ಅವಳ ತಲೆಗೇ ಬರುತ್ತದೆ.

ರಾಜಾಜಿನಗರದಲ್ಲಿ ಕಾರ್ಮಿಕರ ಇಎಸ್‌ಐ ಆಸ್ಪತ್ರೆಯಿದೆ. ವಿಮೆಯಿರುವ ಕಾರ್ಮಿಕನ ಹೆಂಡತಿಗೂ ಅಲ್ಲಿ ಚಿಕಿತ್ಸೆಯ ಹಕ್ಕುಂಟು. ಆದರೆ ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲಬೇಕಾದರೆ, ತಾನು ನುಂಗಿದ್ದು ಶಕ್ತಿಯ ಮಾತ್ರೆಯಲ್ಲವೆಂದು ಮೊದಲು ಅವಳಿಗೆ ಗೊತ್ತಿರಬೇಕಲ್ಲ.