ಹೊಗೆಯ ರುಚಿ

ಸುರಾಪಾನವನ್ನು ಪಂಚಮಹಾಪಾತಕಗಳಲ್ಲಿ ಎಣಿಸಿದ ನಮ್ಮ ಪೂರ್ವಿಕರೇ ಸುರೆಯನ್ನು ಮಾಡುವ ಕ್ರಮವನ್ನೂ ಬರೆದಿಟ್ಟಿರುವರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಅಧ್ಯಾಯವೇ ಮೀಸಲಾಗಿದ್ದು, ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಭೇದಗಳು ಅಲ್ಲಿ ಹೇಳಲ್ಪಟ್ಟಿವೆ. ಆದುದರಿಂದ ಪಾನದ ವಿಧಿನಿಷೇಧಗಳನ್ನು ಧರ್ಮಶಾಸ್ತ್ರಕ್ಕೆ ಬಿಟ್ಟು, ನಿರ್ಮಾಣದ ವಿದ್ಯೆಯನ್ನು ಮಾತ್ರ ವಿಚಾರಿಸಿದರೆ ದೋಷವಿರಲಾರದು. ಒಂದು ದೇಶದ ವಿದ್ಯೆಯು ಮತ್ತೊಂದು ದೇಶದ ನಾಲಗೆಯ ಮುಂದೆ ಪರೀಕ್ಷೆಗೆ ನಿಂತು ಸೋತರೆ, ತಿದ್ದಿಕೊಳ್ಳಬೇಕಾದುದು ವಿದ್ಯೆಯೋ ನಾಲಗೆಯೋ? ಈ ಪ್ರಶ್ನೆಯು ಜಪಾನಿನಲ್ಲಿ 1929ನೆಯ ಇಸವಿಯಲ್ಲಿ ಬಹು ಸ್ಪಷ್ಟವಾಗಿ ಎದ್ದಿತು.

ಮಸತಾಕ ತಾಕೆತ್ಸುರು ಎಂಬಾತನು 1894ರಲ್ಲಿ ಹಿರೋಷಿಮಾ ಪ್ರಾಂತದ ತಾಕೆಹಾರದಲ್ಲಿ, ಅಕ್ಕಿಯಿಂದ ಸಾಕೆ ಎಂಬ ಮದ್ಯವನ್ನು ಮಾಡುವ ಮನೆತನದಲ್ಲಿ ಹುಟ್ಟಿದನು. ಒಸಾಕದಲ್ಲಿ ರಸಾಯನವಿದ್ಯೆಯನ್ನು ಕಲಿತು, ತಾನು ಕೆಲಸಕ್ಕಿದ್ದ ಕಾರ್ಖಾನೆಯ ಒಡೆಯರ ಖರ್ಚಿನಿಂದ 1918ರಲ್ಲಿ ಸ್ಕಾಟ್ಲೆಂಡಿಗೆ ಹೊರಟನು. ಗ್ಲಾಸ್ಗೋ ನಗರದ ಪಾಠಗಳಿಗಿಂತ ಭಟ್ಟಿಮನೆಗಳಲ್ಲಿ ಕೈಮುಟ್ಟಿ ಕಲಿತದ್ದೇ ಆತನಿಗೆ ಹೆಚ್ಚು ಫಲವನ್ನು ಕೊಟ್ಟಿತು. 1919ರಲ್ಲಿ ಲಾಂಗ್‌ಮಾರ್ನ್ ಎಂಬಲ್ಲಿ ಕೆಲವು ದಿನ, 1920ರಲ್ಲಿ ಕ್ಯಾಂಬೆಲ್‌ಟೌನಿನ ಹೇಜಲ್‌ಬರ್ನಿನಲ್ಲಿ ಕೆಲವು ತಿಂಗಳು ಇದ್ದು, ಕಂಡುದೆಲ್ಲವನ್ನೂ ಚಿತ್ರಸಹಿತವಾಗಿ ಪುಸ್ತಕಗಳಲ್ಲಿ ಗುರುತು ಮಾಡಿಕೊಂಡನು. ಅದೇ ವರ್ಷ ರೀಟಾ ಎಂದು ಪ್ರಸಿದ್ಧಳಾದ ಜೆಸ್ಸಿ ರಾಬರ್ಟಾ ಕೋವನ್ ಎಂಬ ಸ್ಕಾಟ್ ಕನ್ಯೆಯನ್ನು ವಿವಾಹವಾಗಿ, ಆಕೆಯೊಡನೆ ಸ್ವದೇಶಕ್ಕೆ ಹಿಂದಿರುಗಿದನು. ಆದರೆ ಕಳುಹಿಸಿದ ಒಡೆಯರಿಗೆ ಆ ಹೊತ್ತಿಗೆ ವ್ಯಾಪಾರದ ಮುಗ್ಗಟ್ಟು. ವಿಸ್ಕಿಯ ಯೋಜನೆಯು ನಿಂತುಹೋಯಿತು. ಅಷ್ಟು ದೂರ ಹೋಗಿ ವಿದ್ಯೆ ತಂದವನು ಕೆಲಕಾಲ ಶಾಲೆಯೊಂದರಲ್ಲಿ ರಸಾಯನಶಾಸ್ತ್ರವನ್ನು ಪಾಠ ಹೇಳಿ ಕಾಲ ಕಳೆಯಬೇಕಾಯಿತು.

ಆತನು ಕಲಿತ ಕ್ರಮವಿಷ್ಟು. ಜವೆಗೋದಿಯನ್ನು ನೆನೆಹಾಕಿ ಮೊಳಕೆ ಬರಿಸಬೇಕು. ಆಗ ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುವ ಶಕ್ತಿಯು ಹುಟ್ಟುವುದು. ಇದಕ್ಕೆ ಇಂದಿನ ವಿಜ್ಞಾನಪುಸ್ತಕಗಳು ಕಿಣ್ವವೆಂದು ಹೆಸರಿಟ್ಟಿವೆ. ಕೌಟಿಲ್ಯನಲ್ಲಿ ಅದೇ ಶಬ್ದವು ಸುರೆಯನ್ನು ಹುದುಗಿಸುವ ದ್ರವ್ಯಕ್ಕೆ ಸಲ್ಲುತ್ತಿದ್ದಿತು. ಮೊಳಕೆಯನ್ನು ಪೀಟ್ ಎಂಬ ಉರುವಲಿನ ಹೊಗೆಯಲ್ಲಿ ಒಣಗಿಸುವರು. ಪೀಟ್ ಎಂದರೆ ಜವುಗುನೆಲದಲ್ಲಿ ಸಾವಿರಾರು ವರ್ಷಗಳಿಂದ ಸಸ್ಯಗಳು ಅರೆಕೊಳೆತು ಮಣ್ಣಾದುದು. ಬಳಿಕ ಅರೆದು, ಬಿಸಿನೀರಿನಲ್ಲಿ ಕದಡಿ, ಹುದುಗಿಸಿ, ತಾಮ್ರದ ಪಾತ್ರೆಯಲ್ಲಿ ಎರಡು ಸಲ ಭಟ್ಟಿಯಿಳಿಸಬೇಕು. ಅರ್ಕವಿಳಿಸುವ ನಮ್ಮ ವೈದ್ಯರಿಗೆ ಈ ಯಂತ್ರದ ತತ್ತ್ವವು ಹೊಸದಲ್ಲ. ಇಳಿದ ದ್ರವವು ನೀರಿನಂತೆ ನಿರ್ವರ್ಣವಾದುದು. ಅದಕ್ಕೆ ಬಣ್ಣವನ್ನೂ ಸೌಮ್ಯವನ್ನೂ ಕೊಡುವುದು ಓಕ್ ಮರದ ಪೀಪಾಯಿ ಮತ್ತು ಕಾಲ. ಪ್ರತಿವರ್ಷವೂ ಒಂದಂಶವು ಮರದ ಸಂದುಗಳಿಂದ ಆವಿಯಾಗಿ ಹೋಗುವುದು. ಸ್ಕಾಟರು ಅದನ್ನು ದೇವದೂತರ ಪಾಲೆನ್ನುವರು.

1923ರಲ್ಲಿ ಶಿಂಜಿರೊ ತೊರಿಯಿ ಎಂಬ ಒಸಾಕದ ವರ್ತಕನು ತಾಕೆತ್ಸುರುವನ್ನು ಹತ್ತು ವರ್ಷದ ಕರಾರಿನ ಮೇಲೆ ಕರೆದುಕೊಂಡನು. ಅಕಾದಾಮಾ ಎಂಬ ಸಿಹಿಯಾದ ದ್ರಾಕ್ಷಾಮದ್ಯದಿಂದ ಹಣ ಕೂಡಿಸಿದ್ದವನು ಈ ತೊರಿಯಿ. ಭಟ್ಟಿಮನೆಯನ್ನು ಸ್ಕಾಟ್ಲೆಂಡಿನಂತೆಯೇ ಶೀತಲವಾದ ಹೊಕ್ಕೈಡೊ ದ್ವೀಪದಲ್ಲಿ ಕಟ್ಟಬೇಕೆಂಬುದು ವಿದ್ಯಾವಂತನ ಆಸೆ. ಪೇಟೆಗೆ ಸಮೀಪವಿರಬೇಕೆಂಬುದು ವರ್ತಕನ ಹಟ. ಕೊನೆಗೆ ಕ್ಯೋಟೊ ಒಸಾಕಗಳ ನಡುವೆ, ಮೂರು ನದಿಗಳು ಕೂಡುವ ಯಾಮಾಜಾಕಿಯು ನಿಶ್ಚಯವಾಯಿತು. 1924ರ ಕೊನೆಯಲ್ಲಿ ಭಟ್ಟಿಯು ಆರಂಭವಾಯಿತು. ಗಾಡಿಗಟ್ಟಲೆ ಧಾನ್ಯವು ಒಳಕ್ಕೆ ಹೋಗುವುದು, ಹೊರಕ್ಕೆ ಏನೂ ಬಾರದು. ಒಳಗೆ ದವಸ ತಿನ್ನುವ ಭೂತವೊಂದಿದೆಯೆಂದು ನೆರೆಯವರು ಆಡಿಕೊಂಡರೆಂಬ ಕಥೆಯು ಪ್ರಚಾರದಲ್ಲಿದೆ. ಬಕಾಸುರನ ಕಥೆ ಬಲ್ಲವರಿಗೆ ಇದು ವಿಚಿತ್ರವೆನಿಸದು.

1929ರ ಏಪ್ರಿಲಿನಲ್ಲಿ ಶಿರೊಫುದ, ಎಂದರೆ ಬಿಳಿಯ ಚೀಟಿ, ಎಂಬ ಹೆಸರಿನಿಂದ ಮೊದಲ ಸೀಸೆಗಳು ಹೊರಬಂದವು. ಕುಡಿದವರು ಮುಖ ಸಿಂಡರಿಸಿದರು. ಸೀದ ವಾಸನೆ, ಹೊಗೆಯ ಕಮಟು ಎಂಬುದೇ ಎಲ್ಲರ ದೂರು. ಜಪಾನೀಯರಿಗೆ ರುಚಿಜ್ಞಾನವಿರಲಿಲ್ಲವೆಂದು ಇದಕ್ಕೆ ಕೆಲವರು ಹೇಳುವ ಸಮಾಧಾನವು ಸರಿಯಲ್ಲ. ತಿಳಿಯಾದ ಸಾಕೆಗೂ ಹಸಿಮೀನಿನ ನವುರಿಗೂ ಒಗ್ಗಿದ ನಾಲಗೆಯು ಸೂಕ್ಷ್ಮವಾದುದರಿಂದಲೇ ಹೊಗೆಯನ್ನು ದೋಷವೆಂದು ಎಣಿಸಿತು. ಹೊಗೆ ಹಿಡಿದ ಹಾಲನ್ನು ನಮ್ಮ ಮನೆಗಳಲ್ಲಿ ಯಾರು ಕುಡಿಯುವರು? ಕಾಫಿಯ ಕಹಿಯಾದರೂ ನಮ್ಮಲ್ಲಿ ಹಾಲು ಬೆಲ್ಲಗಳ ಸಹವಾಸದಿಂದಲೇ ಅಡುಗೆಮನೆಯನ್ನು ಹೊಕ್ಕಿತು. ಅದಲ್ಲದೆ ಆ ಮದ್ಯಕ್ಕೆ ಐದು ವರ್ಷವೂ ತುಂಬಿರಲಿಲ್ಲ. ಬೆಳೆಯದ ಮದ್ಯದಲ್ಲಿ ಹೊಗೆಯು ಒರಟಾಗಿ ನಿಲ್ಲುವುದು ಸಹಜ.

ಇಲ್ಲಿಂದ ಇಬ್ಬರ ದಾರಿಯೂ ಕವಲೊಡೆಯಿತು. ತೊರಿಯಿಯು ನಾಲಗೆಯನ್ನೇ ಪ್ರಮಾಣವಾಗಿ ಹಿಡಿದನು. ಹೊಗೆಯನ್ನು ತಗ್ಗಿಸಿ, ಬಲಿತ ಪೀಪಾಯಿಗಳನ್ನು ಬೆರಸಿ, 1937ರಲ್ಲಿ ಚೌಕಾಕಾರದ ಸೀಸೆಯಲ್ಲಿ ಆತನು ತಂದ ಕಾಕುಬಿನ್ ಎಂಬುದು ಜನಕ್ಕೆ ಹಿಡಿಸಿತು. ಇವನನ್ನು ಬರಿಯ ವ್ಯಾಪಾರಿಯೆಂದು ಜರೆಯುವುದು ಅನ್ಯಾಯ. ಸೋತ ಮೇಲೂ ಭಟ್ಟಿಯನ್ನು ಕೈಬಿಡದೆ ಎಂಟು ವರ್ಷ ಕಾದವನು ಇವನೇ.

ತಾಕೆತ್ಸುರುವು ಗುರುಮುಖದಿಂದ ಬಂದುದನ್ನು ಬದಲಿಸಲೊಲ್ಲದೆ, ಕರಾರು ಮುಗಿದೊಡನೆ, 1934ರಲ್ಲಿ, ತಾನು ಮೊದಲೇ ಬಯಸಿದ್ದ ಹೊಕ್ಕೈಡೊಗೆ ಹೋದನು. ಯೊಯ್ಚಿ ಎಂಬ ಆ ಸಣ್ಣ ಊರಿಗೆ ಒಂದು ಕಡೆ ಸಮುದ್ರ, ಉಳಿದ ಕಡೆಗಳಲ್ಲಿ ಬೆಟ್ಟ. ಪೀಟೂ ಕಲ್ಲಿದ್ದಲೂ ಸಮೀಪದಲ್ಲಿಯೇ ದೊರೆಯುತ್ತಿದ್ದವು. ಆದರೆ ಮದ್ಯವು ಬಲಿಯುವವರೆಗೆ ಹೊಟ್ಟೆ ಕೇಳದಷ್ಟೆ! ಆ ಸೀಮೆಯಲ್ಲಿ ಸೇಬು ಹೇರಳ. ಹೊಸ ಸಂಸ್ಥೆಯು ಮಹಾಜಪಾನ ಹಣ್ಣಿನ ರಸದ ಕಂಪೆನಿಯೆಂಬರ್ಥದ ಹೆಸರನ್ನು ಧರಿಸಿ ಸೇಬಿನ ರಸವನ್ನು ಮಾರಲಾರಂಭಿಸಿತು. 1936ರಲ್ಲಿ ಬಂದ ಮೊದಲ ತಾಮ್ರದ ಭಟ್ಟಿಪಾತ್ರೆಯು ಒಂದೇ ಆದುದರಿಂದ, ಮೊದಲ ಇಳಿಕೆಗೂ ಎರಡನೆಯ ಇಳಿಕೆಗೂ ಅದನ್ನೇ ಸರದಿಯಂತೆ ಬಳಸಿದರು. 1940ರಲ್ಲಿ ಹೊರಬಂದ ವಿಸ್ಕಿಗೆ ಕಂಪೆನಿಯ ಹೆಸರಿನ ಎರಡು ಅಕ್ಷರಗಳಿಂದ ನಿಕ್ಕ ಎಂದು ಹೆಸರಾಯಿತು. ಆಗ ಯುದ್ಧದ ದಿನಗಳು. ನೌಕಾಪಡೆಗೆ ಮದ್ಯವನ್ನು ಒದಗಿಸಬೇಕಾದುದರಿಂದ ಜವೆಗೋದಿಯು ತಪ್ಪದೆ ದೊರೆತು, ಪೇಟೆಯ ನಾಲಗೆಯ ಪರೀಕ್ಷೆಯು ಕೆಲಕಾಲ ಮುಂದಕ್ಕೆ ಹೋಯಿತು. ಈ ಅದೃಷ್ಟವಿಲ್ಲದಿದ್ದರೆ ಆತನ ನಿಷ್ಠೆಯೊಂದೇ ಭಟ್ಟಿಮನೆಯನ್ನು ಉಳಿಸುತ್ತಿದ್ದಿತೆಂದು ಹೇಳಬರುವಂತಿಲ್ಲ.

ರೀಟಾ 1961ರಲ್ಲಿಯೂ ತಾಕೆತ್ಸುರು 1979ರಲ್ಲಿಯೂ ಗತಿಸಿದರು. 2001ರಲ್ಲಿ ವಿಸ್ಕಿಗೇ ಮೀಸಲಾದ ಆಂಗ್ಲ ಪತ್ರಿಕೆಯೊಂದು ನಡೆಸಿದ ಪರೀಕ್ಷೆಯಲ್ಲಿ, ಹತ್ತು ವರ್ಷ ಬಲಿತ ಯೊಯ್ಚಿಯ ಒಂದು ಪೀಪಾಯಿಯ ವಿಸ್ಕಿಗೆ ಅಗ್ರಸ್ಥಾನವು ದೊರೆಯಿತು. ಬೇರೆಡೆಗಳಲ್ಲಿ ಬಹುಮಟ್ಟಿಗೆ ಬಿಟ್ಟುಹೋಗಿರುವ ಕಲ್ಲಿದ್ದಲಿನ ನೇರ ಉರಿಯು ಅಲ್ಲಿ ಇಂದಿಗೂ ನಡೆದಿದೆ. ಆಳುಗಳು ಕೆಲವು ನಿಮಿಷಗಳಿಗೊಮ್ಮೆ ಸಲಿಕೆಯಿಂದ ಒಲೆಗೆ ಇದ್ದಲು ತುಂಬುವರು. ಸಾಕೆ ಮಾಡುವ ಮನೆಗಳ ಸಂಪ್ರದಾಯದಂತೆ ಆ ತಾಮ್ರದ ಪಾತ್ರೆಗಳ ಕೊರಳಿಗೆ ಹುಲ್ಲಿನ ಪವಿತ್ರರಜ್ಜುವನ್ನು ಕಟ್ಟಿರುವರು.